ಕೊಟ್ಟಿಗೆಯ ಕರೆಂಟು

"ಅಯ್ಯೋ! ಪೇಟೆಯವರೂ ಸಗಣಿಗೆ ಕೈ ಹಾಕ್ತಾರಾ?"

ವಿಮಲಳ ಬಾಯಿಂದ ಮಾತು ಜಾರಿಯೇ ಹೋಗಿತ್ತು. ಮೊಣಕೈವರೆಗೂ ಸಗಣಿ ಕಲಸುತ್ತಿದ್ದ ಯುವಕ ತಲೆಯೆತ್ತಿ ನಕ್ಕ. ಆ ನಗುವಿಗೆ ಅವಳ ತಲೆಯ ಮೇಲಿನ ಬುಟ್ಟಿ ಹಗುರಾದಂತಾಯಿತು...

ಅವನು ಎಂಜಿನಿಯರ್ ತೋಂಟದಾರ್ಯ. ಹಂದನಕೆರೆಯಾಚೆಗಿನ, ಇನ್ನೂ ಲೈಟು ಕಂಬ ಬಾರದ ಆ ಪುಟ್ಟ ಊರಿನಲ್ಲಿ ಸಗಣಿಯ ಗ್ಯಾಸಿನಿಂದ ಕರೆಂಟು ತೆಗೆಯಲಾದೀತೇ ಎಂದು ನೋಡಲು ಬಂದಿದ್ದ. ಅದು ಎಂಬತ್ತೆರಡನೆಯ ಇಸವಿ. ಗ್ಯಾಸಿನ ಗುಂಡಿ ಕಟ್ಟಿಸಿದ್ದು ವಿಮಲಳ ತಂದೆ ಮರುಳಸಿದ್ದಯ್ಯನವರ ಕೊಟ್ಟಿಗೆಯ ಪಕ್ಕದಲ್ಲಿ, ತೆಂಗಿನ ನೆರಳಲ್ಲಿ.

ಎರಡು ತಿಂಗಳಲ್ಲಿ ಗ್ಯಾಸ್ ಹುಟ್ಟಿತು. ಅದರಿಂದ ಪುಟ್ಟ ಎಂಜಿನ್ ತಿರುಗಿ, ಒಂದು ಸಂಜೆ ಬಲ್ಬು ಮಿಣುಕಿತು ಕೂಡ!

ಅವನು ಮಜ್ಜಿಗೆ ಕುಡಿದ ಲೋಟವನ್ನು ತಾನೇ ತೊಳೆದಿಡುತ್ತಿದ್ದ. ವಿಮಲ ಅದನ್ನು ಗಮನಿಸಿದ್ದಳು. ಹಾಗೆಯೇ, ಒಂದು ಬೆಳಗ್ಗೆ ಅವನು ಮೂಗಿಗೆ ಕರ್ಚೀಫು ಒತ್ತಿ ಹಿಡಿದದ್ದನ್ನೂ.

'ಪಾಪ, ನಮ್ಮ ಕೊಟ್ಟಿಗೆ ವಾಸನೆ...'

ಅಂದಿನಿಂದ ದಿನವೂ ಕೊಟ್ಟಿಗೆಗೆ ಫಿನಾಯಿಲ್ ಸುರಿದು ತೊಳೆದಳು. ಆ ನೀರೆಲ್ಲ ಸಗಣಿಯ ಜೊತೆ ಗುಂಡಿಗೇ ಹೋಯಿತು.

ವಾರದಲ್ಲಿ ಗ್ಯಾಸ್ ನಿಂತಿತು!

"ಬುಡಪ್ಪ, ನಮ್ಮೂರಿಗೆ ಇದು ಆಗಾಕಿಲ್ಲ," ಎಂದರು ಮರುಳಸಿದ್ದಯ್ಯ.

'ಇಲ್ಲಿ ಸಾಧ್ಯವಿಲ್ಲ' ಎಂದು ವರದಿ ಬರೆದು ತೋಂಟದಾರ್ಯ ಚೀಲ ಕಟ್ಟಿದ. ವಿಮಲಳಿಗೆ ತಡೆಯಲಾಗಲಿಲ್ಲ.

"ನಮ್ಮೂರು ನಾತ ಅಂತ ಹೊಂಟ್ರಾ? ನಾನು ದಿನಾ ಫಿನಾಯಿಲ್ ಹಾಕಿ ತೊಳುದ್ರೂ..."

"ಏನು ಹಾಕಿ?!"

"ಫಿನಾಯಿಲ್... ನೀವು ಮೂಗು ಮುಚ್ಕೊಂಡಿದ್ರಲ್ಲ!"

"ನೆಗಡಿ ಕಣ್ರೀ ನಂಗೆ! ಅದಕ್ಕೇ ಫಿನಾಯಿಲ್ ವಾಸನೆನೂ ಗೊತ್ತಾಗ್ಲಿಲ್ಲ. ಸಗಣಿಯೊಳಗಿನ ಜೀವಾಣುಗಳೇ ಗ್ಯಾಸ್ ಮಾಡೋದು. ಫಿನಾಯಿಲ್ ಬಿದ್ರೆ ಅವು ಬದುಕ್ತಾವಾ?"

ವಿಮಲಳ ಕಣ್ಣು ತುಂಬಿತು. ಊರಿನ ದೀಪ ಕೆಡಿಸಿದ್ದು ತಾನೇ!

"ತಪ್ಪು ನಂದೇ ಅಂತ ಎಲ್ರಿಗೂ ಹೇಳ್ಬುಡಿ..."

ಅವನು ಅವಳನ್ನೇ ನೋಡಿದ. ವರದಿಯನ್ನು ಹರಿದ. ನೇರ ಮರುಳಸಿದ್ದಯ್ಯನವರ ಬಳಿಗೆ ಹೋಗಿ, "ನಾನು ಸರಿಯಾಗಿ ಹೇಳಿಕೊಡ್ಲಿಲ್ಲ, ಅದಕ್ಕೇ ಕೆಟ್ಟಿದ್ದು. ಇನ್ನೊಂದು ಸಲ ನೋಡೋಣ," ಎಂದ. ಅವಳ ಹೆಸರೆತ್ತಲಿಲ್ಲ.

ಗುಂಡಿ ಬಳಿದು ತೊಳೆದರು, ಹೊಸ ಸಗಣಿ ತುಂಬಿದರು. ನಲವತ್ತು ದಿನ ಕಾದರು. ವಿಮಲಳಿಗೆ ಆ ದಿನಗಳು ತೇಲಿ ಹೋದಂತಿದ್ದವು...

ಒಂದು ಮುಸ್ಸಂಜೆ ಬಲ್ಬು ಹೊತ್ತಿತು. ಆರಲಿಲ್ಲ! ಊರೆಲ್ಲ ಅದನ್ನೇ ನೋಡುತ್ತಿತ್ತು.

"ಲೇ ವಿಮಲೀ," ಪಕ್ಕದ ಮನೆಯ ಓಬಮ್ಮಜ್ಜಿ ತಿವಿದಳು, "ಎಂಜಿನಿಯರಪ್ಪ ಬಲ್ಬು ನೋಡ್ತಿಲ್ಲ ಕಣೇ, ನಿನ್ನ ನೋಡ್ತಾವ್ನೆ!"

ಜನ ಚದುರಿದ ಮೇಲೆ ವಿಮಲ ಮೆಲ್ಲನೆ ಕೇಳಿದಳು:

"ಕೆಲಸ ಮುಗೀತು... ಇನ್ನು ಹೋಗ್ತೀರಾ?"

"ಸಾಧ್ಯ ಅಂತ ವರದಿ ಬರೆದು ಕೊಟ್ಟು, ವಾಪಸ್ ಬರ್ತೀನಿ. ನಿಮ್ಮಪ್ಪನ್ನ ಒಂದು ಮಾತು ಕೇಳ್ಬೇಕು. ಮೊದಲು ನೀವು ಹೂಂ ಅಂದ್ರೆ..."

ಅವಳು ತೆಂಗಿನ ಮರಕ್ಕೆ ಒರಗಿ ನಿಂತಳು.

"ಹೂಂ... ಬೇಗ ಬನ್ನಿ ಕಣ್ರೀ."