ಮೋನಿಯ ಜವಳ

ನಾನು ಮಾಡಿದ ಮಂಡಕ್ಕಿ ಸುಸಲಾವನ್ನು ಮೂರನೇ ಸಲ ಹಾಕಿಸಿಕೊಂಡು, ಎಣ್ಣೆಯಾದ ಕೈ ನೆಕ್ಕುತ್ತಲೇ ಪರಮಣ್ಣ ನನ್ನನ್ನು ಮನೆಯಿಂದ ಹೊರಗೆ ಹಾಕಲು ರೇಣಮ್ಮನಿಗೆ ಹೇಳಿದ. ನನಗೆ ಹೇಸಿಗೆಯಾಯಿತು.

"ಈಕಿ ಹೋದ್ರ ಮಾತ್ರ ನಾ ಕೂಸಿನ್ನ ತೊಡಿ ಮ್ಯಾಲ ಕುಂದ್ರಿಸ್ಕೊಂತೀನಿ. ಇಬ್ರು ಹೆಂಗಸ್ರು ಗಂಡ-ಹೆಂಡ್ತಿ ಹಂಗ ಇರೂ ಮನ್ಯಾಗ ಕೂಸು ಕೆಡ್ತದ."

ಅವತ್ತು ರೇಣಮ್ಮನ ಮಗಳು ಮೋನಿಯ ಜವಳ. ಮೊದಲ ಸಲ ಕೂದಲು ತೆಗೆಸುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ರೇಣಮ್ಮನ ಅಣ್ಣನೆಂದು ಪರಮಣ್ಣನನ್ನು ಕರೆದದ್ದು ಅಷ್ಟಕ್ಕೇ. ಮೂರು ವರ್ಷದಲ್ಲಿ ಮಗುವಿಗೊಂದು ಬಿಸ್ಕಿಟ್ ತರದವನು, ಅದಕ್ಕೆ ಜ್ವರ ಬಂದಾಗ ಫೋನ್ ಎತ್ತದವನು ಈಗ ಅದರ ಚಿಂತೆ ಮಾಡುತ್ತಿದ್ದ. ಥೂ!

ರೇಣಮ್ಮ ಭೀಮರಾಯನಗುಡಿ ಕ್ಯಾಂಪಿನ ಟೇಲರ್. ಬಸುರಿಯಾದ ಅವಳನ್ನು ಗಂಡ ಬಿಟ್ಟು ಓಡಿದ್ದ. ಕಾಲುವೆ ಆಫೀಸಿನ ಕ್ಲರ್ಕ್ ನಾನು, ಜಂಪರ್ ಹೊಲಿಸಲು ಹೋದವಳು ಅಲ್ಲೇ ಉಳಿದೆ. ತಪ್ಪು ಅವಳದೇ. ತೋಳಿನ ಅಳತೆಯನ್ನು ಎರಡೆರಡು ಸಲ ತೆಗೆದು, "ಮರತೀನ್ರಿ ದೇವಕಮ್ಮಾರ, ಇನ್ನೊಮ್ಮಿ ಕೈ ಎತ್ರಿ" ಎಂದು ಕಣ್ಣಲ್ಲೇ ನಗುತ್ತಿದ್ದಳು.

ಈಗ ನಾನು ಬ್ಯಾಗಿಗೆ ಸೀರೆ ತುಂಬಿದೆ. ಜವಳ ನಿಂತರೆ ಓಣಿಯವರು ಮಗುವಿನ ಮುಂದೆಯೇ ಆಡಿಕೊಳ್ಳುತ್ತಾರೆ. ನನ್ನಿಂದ ಅದಕ್ಕೆ ಆ ಮಾತು ಬೇಡ.

ರೇಣಮ್ಮ ಬಾಗಿಲಿಗೆ ಅಡ್ಡ ನಿಂತಳು. "ಎಲ್ಲಿಗಿ?"

"ಮೋನಿ ಸಲುವಾಗಿ ಹೊಂಟೀನಿ."

"ಜ್ವರದಾಗ ಆಕಿನ್ನ ಎತ್ಕೊಂಡು ದವಾಖಾನಿಗಿ ಓಡಿದಾಕಿ ನೀ. ನಿದ್ದಿಗಣ್ಣಾಗ ಆಕಿ ಹುಡ್ಕೂದು ನಿನ್ನ ಸೆರಗ. ನಾನೂ ಅದನ್ನೇ ಹುಡುಕ್ತೀನಿ." ಅಣ್ಣನ ಎದುರಿಗೇ ಅಂದುಬಿಟ್ಟಳು. ನಾಚಿಕೆಗೆ ಅವಳ ಕಿವಿ ಕೆಂಪಾಗಿತ್ತು. "ನೀ ಹೋದ್ರ ನಾವಿಬ್ರೂ ಹೆಂಗ ಬದುಕೂದು?"

ಪರಮಣ್ಣ ಮುಖ ಸಿಂಡರಿಸಿ, ನಾವು ಬೆಳಗ್ಗೆ ಸಾರಿಸಿದ್ದ ಅಂಗಳದಲ್ಲೇ ಉಗಿದ. "ಹಂಗಾದ್ರ ಮಾವನ ತೊಡಿ ಇಲ್ಲ."

"ಬ್ಯಾಡ. ಹೊಟ್ಟಿ ತುಂಬೇದಲ್ಲ, ನಡಿಯಣ್ಣ."

ಅವನು ಗೊಣಗುತ್ತಾ ಹೋದ. ಕ್ಷೌರ ಮಾಡಲು ಬಂದಿದ್ದ ಯಂಕಣ್ಣ ಕತ್ತಿ ಹಿಡಿದು ನಮ್ಮನ್ನೇ ನೋಡುತ್ತಿದ್ದ. "ಕೂಸಿನ್ನ ಯಾರು ಹಿಡ್ಕೊಂತೀರ್ರಿ?"

ರೇಣಮ್ಮ ನನ್ನ ಬ್ಯಾಗು ಕಸಿದು, ನನ್ನನ್ನು ಮಣೆಯ ಮೇಲೆ ಕೂರಿಸಿದಳು. ಕತ್ತಿ ಕಂಡು ಅಳುತ್ತಿದ್ದ ಮೋನಿ ಓಡಿಬಂದು ನನ್ನ ಎದೆಗೆ ಮುಖ ಒತ್ತಿ ಸುಮ್ಮನಾದಳು.

"ಇವ್ರು ಕೂಸಿಗಿ ಏನಾಗ್ಬೇಕ್ರಿ?" ಎಂದ ಯಂಕಣ್ಣ.

"ಅವ್ವ," ಎಂದಳು ರೇಣಮ್ಮ. "ಆಕಿಗಿ ಇಬ್ರು ಅದಾರ."

ಯಂಕಣ್ಣ ನೀರಿನಲ್ಲಿ ಕೈ ಅದ್ದಿ, ಮಗುವಿನ ತಲೆ ನೆನೆಸಿದ. "ಹಂಗಾದ್ರ ಗಟ್ಟಿ ಹಿಡೀರಿ, ಅವ್ವಾರ."