ಗೋಡೆಗೆ ಕೊಟ್ಟ ಅಳತೆ

"ಸ್ತಮೆನಾ ತನ್ನ ಮನೆ ಬೀದಿಗೋಡೆ ರಿಪೇರಿ ಮಾಡ್ತಿರುವಾಗ ಬಿಸಿಲಿಗೆ ಬೆನ್ನು ಕೊಟ್ಟು ನಿಲ್ಲಬೇಡ ಮಗಾ. ನಿನ್ನ ನೆರಳು ಗೋಡೆ ಮೇಲೆ ಬೀಳಬಾರದು," ಎಂದ ಪಕ್ಕದ ಮನೆಯ ಮಿಂಚೊ ಅಜ್ಜ.

ರಂಗೆಲ್ ನಕ್ಕ. "ನೆರಳಿಗೂ ತಕರಾರು ಇದೆಯಾ ಅಜ್ಜಾ? ನೋಟರಿ ಅದೊಂದನ್ನ ಹೇಳೋಕೆ ಮರೆತಿರಬೇಕು."

ಪ್ಲೋವ್ದಿವ್ ಪಟ್ಟಣದಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ ಅವನಿಗೆ ಕೊಳ್ಳಲು ಕೈಗೆಟುಕಿದ್ದು ರೊಡೊಪಿ ಬೆಟ್ಟದ ಈ ಕಲ್ಲುಮನೆ ಒಂದೇ. ಬಾಡಿಗೆ ಮನೆ ಖಾಲಿ ಮಾಡಬೇಕಿತ್ತು. ಹೆಂಡತಿ ವೆಲಿನಾಗೆ ದಿನ ತುಂಬಿತ್ತು. ಕೂಸು ಹುಟ್ಟುವುದರೊಳಗೆ ತಲೆಯ ಮೇಲೊಂದು ಸೂರು ಬೇಕಿತ್ತು. ಆದರೆ ಮನೆ ಮಾರುತ್ತಿದ್ದ ಸ್ತಮೆನಾಳದಾದರೂ, ಅವಳ ತಮ್ಮ ದಾನಾಯಿಲ್‌ಗೆ ಸಾಯುವವರೆಗೂ ಅಲ್ಲೇ ವಾಸಿಸುವ ಹಕ್ಕನ್ನು ಅಪ್ಪ ಬರೆದಿಟ್ಟು ಸತ್ತಿದ್ದ.

"ಅವನು ಬಂದು ಹಕ್ಕು ಬಿಟ್ಟುಕೊಡಬೇಕು, ಇಲ್ಲಾ ಸಾಯಬೇಕು. ಕಾನೂನಿಗೆ ಮೂರನೇ ದಾರಿ ಗೊತ್ತಿಲ್ಲ," ಎಂದಿದ್ದ ನೋಟರಿ. "ನಾನೇ ಕಾಗದ ಹಿಡಿದು ಅವನಿರೋ ಮನೆಗೆ ಹೋಗಿದ್ದೆ. ಸಹಿ ಹಾಕಿ ಎಲ್ಲಿಗೆ ಹೋಗಲಿ ಅಂತ ಅತ್ತ."

ರಂಗೆಲ್‌ಗೆ ರಕ್ತ ಕುದಿಯುತ್ತಿತ್ತು. ಬೀದಿಯಲ್ಲೇ ನಿಂತು ಕಿಟಕಿಯತ್ತ ಕೂಗಿದ. "ಏಯ್ ದಾನಾಯಿಲ್, ಕಾಲಿಲ್ವಾ ನಿನಗೆ? ಹೊರಗೆ ಬಾ."

ಒಳಗಿನ ಕತ್ತಲಿನಿಂದ ತಣ್ಣನೆಯ ದನಿ ಬಂತು. "ಬರೋಕಾಗಿದ್ರೆ ನೀನು ಹುಟ್ಟೋ ಮುಂಚೆನೇ ಬರ್ತಿದ್ದೆ."

ಸುಣ್ಣದ ಬಕೆಟ್ಟು ಹಿಡಿದು ಸ್ತಮೆನಾ ಗೇಟಿನಿಂದ ಬಂದಳು. ಮೈಗೆ ಆಡಿನ ವಾಸನೆ, ಒಣಗಿದ ಹೊಗೆಸೊಪ್ಪಿನ ವಾಸನೆ. "ನಾಳೆ ಬರ್ತಾನೆ ಬಿಡು. ನಕ್ಷೆಗೆ ಗೋಡೆ ಅಳತೆ ಒಂದು ಬಾಕಿ. ಈ ದಾರದ ತುದಿ ಕಾಲಡಿ ಒತ್ಕೊ."

ನಕ್ಷೆ, ಅಳತೆ, ಮತ್ತೆ ಅಳತೆ. ತಿಂಗಳುಗಳಿಂದ ಇದೇ ಆಗಿತ್ತು. ಅವನು ಯೋಚಿಸದೆ ದಾರ ತುಳಿದು ನಿಂತ. ಇಳಿಬಿಸಿಲು ಬೆನ್ನಿಗಿತ್ತು. ಸ್ತಮೆನಾ ಉಣ್ಣೆದಾರವನ್ನು ನೆಲದ ಮೇಲೆಳೆದು, ಗೋಡೆಗೆ ಹತ್ತಿಸಿ, ಅವನ ನೆರಳಿನ ನೆತ್ತಿಗೆ ಸರಿಯಾಗಿ ಹಲ್ಲಿನಿಂದ ಕಡಿದಳು.

"ಗೋಡೆ ಇನ್ನೂ ಉಳಿದಿದೆಯಲ್ಲ ಅಕ್ಕಾ."

"ನನಗೆ ಬೇಕಾದಷ್ಟು ಸಿಕ್ತು."

ದಾರವನ್ನು ಉಂಡೆ ಮಾಡಿ ಕಲ್ಲಿನ ಸಂದಿಗೆ ತುರುಕಿ, ಮೇಲೆ ಹಸಿ ಸುಣ್ಣ ಮೆತ್ತಿದಳು. ಗೋಡೆಯೊಳಗೆ ಏನೋ ಗುಟುಕರಿಸಿದ ಸದ್ದಾಯಿತು. ರಂಗೆಲ್‌ನ ಬಾಯಲ್ಲಿ ಸುಣ್ಣದ ರುಚಿ ಬಂತು.

ಮರುದಿನ ದಾನಾಯಿಲ್ ತನ್ನ ಕಾಲ ಮೇಲೆ ತಾನೇ ನಡೆದು ನೋಟರಿ ಕಚೇರಿಗೆ ಬಂದ. ಬಿಳುಚಿದ ಮುಖ, ಬೆಳಕಿಗೆ ಕಿರಿದಾದ ಕಣ್ಣು. ಹಕ್ಕು ಬಿಟ್ಟ ಕಾಗದಕ್ಕೆ ಸಹಿ ಹಾಕಿದ. ಸ್ತಮೆನಾ ಮನೆಯನ್ನು ರಂಗೆಲ್‌ನ ಹೆಸರಿಗೆ ಬರೆದುಕೊಟ್ಟಳು. ಹೊರಡುವಾಗ ದಾನಾಯಿಲ್ ರಂಗೆಲ್‌ನ ಮುಖ ನೋಡಲಿಲ್ಲ. "ಕ್ಷಮಿಸು ಅಂತ ಕೇಳಲ್ಲ ತಮ್ಮಾ. ನನ್ನನ್ನೂ ಯಾರೂ ಕೇಳಿರಲಿಲ್ಲ." ಅವನು, ಸ್ತಮೆನಾ ಇಬ್ಬರೂ ಬಸ್ಸು ಹತ್ತಿ ಹೋದರು.

ಸಂಜೆ ರಂಗೆಲ್ ತನ್ನದೇ ಬೀಗದ ಕೈ ತಿರುಗಿಸಿ ಒಳಗೆ ಹೋದ. ಒಲೆ ಹೊತ್ತಿಸಿದ. ತೊಟ್ಟಿಲಿಡುವ ಮೂಲೆ ಗುಡಿಸಿದ. ಕೆಳಗೆ ಗಾಡಿಯ ಹಾರ್ನ್ ಕೇಳಿತು. ವೆಲಿನಾ ಸಾಮಾನು ತಂದಿದ್ದಳು. ಅವನು ಗೇಟಿಗೆ ಓಡಿದ.

ಕಾಲು ಗೇಟಿನ ಹೊಸ್ತಿಲು ದಾಟಲಿಲ್ಲ.

ಮತ್ತೆ ನುಗ್ಗಿದ. ಎದೆಗೆ ಕಲ್ಲು ಬಡಿದಂತಾಯಿತು. ಎದುರಿಗೆ ಬರೀ ಗಾಳಿ.

ಮಿಂಚೊ ಅಜ್ಜ ಬೀದಿಯಲ್ಲೇ ನಿಂತಿದ್ದ. "ಕಟ್ಟಿದ್ದೆಲ್ಲ ಕುಸೀತಿತ್ತು ಅಂತ ಅವರಪ್ಪ ಮಗ ದಾನಾಯಿಲ್‌ನ ನೆರಳು ಅಳೆದು ಗೋಡೆಗಿಟ್ಟ. ಅವತ್ತಿಂದ ಗೋಡೆ ನಿಂತಿದೆ, ಹುಡುಗ ಒಳಗಿದ್ದ. ಈಗ ನೀನು. ಬದಲಿಗೆ ಇನ್ನೊಬ್ಬರ ಅಳತೆ ಸಿಗೋವರೆಗೂ ಬಿಡಲ್ಲ."

ವೆಲಿನಾ ಗಾಡಿಯಿಂದಿಳಿದು ಸೊಂಟ ಹಿಡಿದುಕೊಂಡು ಏರು ಹತ್ತುತ್ತಿದ್ದಳು. ಮುಳುಗುವ ಸೂರ್ಯ ಅವಳ ಬೆನ್ನಿಗಿದ್ದ. ಉದ್ದನೆಯ ನೆರಳು ಅವಳಿಗಿಂತ ಮುಂದೆ ಬಂತು. ತುಂಬಿದ ಹೊಟ್ಟೆಯ ನೆರಳು. ಗೋಡೆ ಉಸಿರೆಳೆದುಕೊಂಡಿತು. ರಂಗೆಲ್ ತನ್ನ ಕೈ ನೋಡಿಕೊಂಡ. ಬೆರಳುಗಳು ಸ್ವೆಟರಿನ ಅಂಚು ಬಿಚ್ಚುತ್ತಿದ್ದವು. ತಾವಾಗಿಯೇ. ದಾರ ಬರುತ್ತಿತ್ತು. ಮೊಳ. ಮತ್ತೊಂದು ಮೊಳ. ನೆರಳಿನ ತಲೆ ಗೋಡೆಯ ಬುಡ ಮುಟ್ಟಿತು.

ಅವನು ದಾರ ಸುತ್ತಿದ ಕೈಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ರಕ್ತ ಬಂದ ಮೇಲೆ ಬಿಟ್ಟು, ಕೂಗಿದ. "ಅಲ್ಲೇ ನಿಲ್ಲು. ಯಾರನ್ನ ಕೇಳಿ ಬಂದೆ? ಮನೆ ನನ್ನ ಹೆಸರಲ್ಲಿದೆ. ನೀನೂ ಬೇಡ, ನಿನ್ನ ಕೂಸೂ ಬೇಡ."

"ಕುಡಿದಿದ್ದೀಯಾ ರಂಗೆಲ್?"

"ನಿನ್ನ ಅಮ್ಮನ ಮನೆಗೆ ಹೋಗಿ ಸಾಯಿ."

ಅವಳು ಸೊಂಟದಿಂದ ಕೈ ತೆಗೆದಳು. ಆಮೇಲೆ ತಿರುಗಿದಳು. ನೆರಳು ಗೋಡೆಯಿಂದ ಕಳಚಿಕೊಂಡು, ಕಲ್ಲುಹಾಸಿನ ಮೇಲೆ ಅವಳ ಹಿಂದೆ ಹಿಂದೆಯೇ ಇಳಿದು ಹೋಯಿತು. ಗಾಡಿಯ ಸದ್ದು ಇಳಿಜಾರಿನಲ್ಲಿ ಪೂರ್ತಿ ಅಡಗುವವರೆಗೂ ರಂಗೆಲ್ ಬಾಯಿಗೆ ಬಂದಂತೆ ಬೈಯುತ್ತಲೇ ಇದ್ದ.