ನಾಲ್ಕನೆಯ ಮರುದನಿ

ಮರುದನಿ ಯಂತ್ರ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಮುಗಿಲುಬೆಟ್ಟದ ಕಣಿವೆಯಂಚಿನ ಕಟ್ಟೆಯ ಮೇಲೆ ಹೊಸ ಜೋಡಿಯೊಂದು ಕೂಗಿದ ಹೆಸರು ಮೂರು ಸಲ, ಒಂದಕ್ಕಿಂತ ಒಂದು ಮೆಲ್ಲಗೆ, ಹಿಂದಿರುಗಿ ಬಂತು. ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ನೀಲಾಂಬಿಕೆಗೆ ಮಾತ್ರ ಯಾಕೋ ಸರಿಬರಲಿಲ್ಲ. ಎದುರು ಬೆಟ್ಟದ ತುಂಬ ಗಾಜಿನ ಹೋಟೆಲುಗಳು. ಅವುಗಳ ಬುಡದಲ್ಲಿ ಮಣ್ಣು ಅಗೆಯುವ ಯಂತ್ರಗಳು ಆಡುತ್ತಿರುವುದು ಕಣ್ಣಿಗೆ ಕಾಣುತ್ತದೆ, ಆದರೆ ಸದ್ದೇ ಇಲ್ಲ! ನಾಯಿ ಬೊಗಳುವುದಿಲ್ಲ, ಹಕ್ಕಿ ಕೂಗುವುದಿಲ್ಲ. ಮದುವೆಯಾದ ಹೊಸತರಲ್ಲಿ ಗದಗಿನಿಂದ ಬಂದು ಇದೇ ಕಟ್ಟೆಯ ಮೇಲೆ ನಿಂತಾಗ, ಗಂಡನ ಹೆಸರು ಹೇಳಲು ನಾಚಿ ಆಕೆ “ಏನ್ರೀ...” ಎಂದು ಕೂಗಿದ್ದಳು. ಬೆಟ್ಟ ಮೂರು ಸಲ ಓಗೊಟ್ಟಿತ್ತು. ನಾಲ್ಕನೆಯ ಸಲ ಹೆಣ್ಣುದನಿ ಮಾಡಿ ಅಣಕಿಸಿದವನು ಪಕ್ಕದಲ್ಲಿದ್ದ ಗಂಡ ಚನ್ನವೀರಪ್ಪ. ಅದು ಅವನಿಗೆ ಅಂಟಿದ ಚಾಳಿ. ಇಂದಿಗೂ ಅಡುಗೆಮನೆಯಿಂದ ಕರೆದರೆ ಪಡಸಾಲೆಯಿಂದ ಬರುವ ಉತ್ತರ ಅದೇ, ಆಕೆಗೆ ಮೈಯೆಲ್ಲ ಉರಿಯುತ್ತಿತ್ತು.

ಈಗ ಆ ಮನುಷ್ಯನೇ ನಾಪತ್ತೆ. “ಆಗ ನೀರು ಕುಡಿದ ಒರತಿ ಐತೇನೋ ನೋಡಿ ಬರ್ತೀನಿ” ಎಂದು ಹಳೆಯ ಕಾಲುದಾರಿ ಹಿಡಿದು ಕಣಿವೆಗಿಳಿದವನು ಇನ್ನೂ ಬಂದಿಲ್ಲ. ಅವನ ಫೋನು ಇವಳ ಚೀಲದಲ್ಲೇ ಇದೆ. “ಎಲ್ಲಿದ್ದೀರಿ?” ಎಂದು ಆಕೆ ಕಟ್ಟೆಯಿಂದ ಕೂಗಿದಳು. ತನ್ನದೇ ಪ್ರಶ್ನೆ ಮೂರು ಸಲ ಬಂತು. ಬೇರೇನೂ ಬರಲಿಲ್ಲ.

ಪಕ್ಕದ ಗಾಜಿನ ಗೂಡಿನಲ್ಲಿ ಯಂತ್ರವನ್ನು ರೂಪಿಸಿದ ಧ್ವನಿವಿಜ್ಞಾನಿ ಡಾ. ಉತ್ತಯ್ಯ ಕುಳಿತಿದ್ದರು. ಆಕೆ ನೇರವಾಗಿ ಅಲ್ಲಿಗೇ ನುಗ್ಗಿದಳು.

“ಇಲ್ಲಿ ಯಾಕ ಏನೂ ಕೇಳಂಗಿಲ್ಲ?”

“ಅದೇ ನಮ್ಮ ಹೆಮ್ಮೆ, ಅಮ್ಮ,” ಉತ್ತಯ್ಯ ನಕ್ಕರು. ಕಟ್ಟಡಗಳೆದ್ದ ಮೇಲೆ ಬೆಟ್ಟ ಸರಿಯಾಗಿ ದನಿಗೊಡುವುದನ್ನೇ ಬಿಟ್ಟಿತ್ತು. ಬಂದವರಿಗೆ ಕೇಳುತ್ತಿದ್ದುದು ಜನರೇಟರಿನ ಗುಡುಗುಡು ಮಾತ್ರ. ಅದಕ್ಕೇ ಅವರು ಕಟ್ಟೆಯಂಚಿನ ಕಂಬಿಯುದ್ದಕ್ಕೂ ‘ಎದುರಲೆ’ ಪೆಟ್ಟಿಗೆಗಳನ್ನು ಕೂರಿಸಿದ್ದರು. ಕಣಿವೆಯಿಂದ ಬರುವ ಪ್ರತಿಯೊಂದು ಶಬ್ದಕ್ಕೂ ಅದರ ತದ್ವಿರುದ್ಧ ಅಲೆಯನ್ನು ಅವು ಹೊಮ್ಮಿಸುತ್ತವೆ. ಎರಡೂ ಸೇರಿ ಮೌನವಾಗುತ್ತದೆ. ಆಮೇಲೆ ಯಂತ್ರ ತಾನೇ ಮೂರು ಮರುದನಿ ನುಡಿಸುತ್ತದೆ. “ಉಳಿದಿರುವ ಬಂಡೆ ಇನ್ನೂ ಅಷ್ಟಿಷ್ಟು ಓಗೊಡುತ್ತದಲ್ಲ, ಹಾಗಾಗಿ ಕೂಗಿದ ಮಾತೇ ಹಿಂದಿರುಗಿದರೆ ಯಂತ್ರ ಅದನ್ನು ತಡೆಯುವುದಿಲ್ಲ. ಬೇರೆ ಎಲ್ಲವನ್ನೂ ನುಂಗುತ್ತದೆ.”

“ನಮ್ಮನಿಯವರು ಕೆಳಗ ಬಿದ್ದು ‘ಇಲ್ಲೇ ಅದೀನಿ’ ಅಂತ ಒದರಿದ್ರ?”

ಉತ್ತಯ್ಯ ತಲೆಯಾಡಿಸಿದರು. “ಅಲ್ಲಿಗೆ ಈಗ ಯಾರೂ ಇಳಿಯುವುದಿಲ್ಲ. ಎಲ್ಲೋ ಕಾಫಿ ಕುಡಿಯುತ್ತಿರಬೇಕು.”

“ಬಂದ್ ಮಾಡ್ರಿ ಅದನ್ನ.”

“ಬರೀ ಅನುಮಾನಕ್ಕೆ ನಿಲ್ಲಿಸಲಾಗದು, ಅಮ್ಮ. ಜನ ಬರುವುದೇ ಇದಕ್ಕೆ.”

ಆಕೆ ಗೂಡಿನಿಂದ ಹೊರಬಿದ್ದಳು. ಸಾಲನ್ನು ಸೀಳಿಕೊಂಡು ಕಂಬಿಯ ಬಳಿ ಹೋಗಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿ ಕೂಗಿದಳು: “ಏನ್ರೀ...!”

ಏನ್ರೀ. ಏನ್ರೀ. ಏನ್ರೀ.

ಆಮೇಲೆ, ತುಸು ತಡವಾಗಿ, ಬೇಕೆಂದೇ ಸಣ್ಣಗೆ ಮಾಡಿದ ಒಡಕು ಹೆಣ್ಣುದನಿಯಲ್ಲಿ: “ಏನ್ರೀ...”

ಜನ ಗೊಳ್ಳೆಂದು ನಕ್ಕರು. ಉತ್ತಯ್ಯ ಗೂಡಿನಲ್ಲಿ ತಟ್ಟನೆ ಎದ್ದು ನಿಂತರು. “ಮೂರೇ ಬರಬೇಕು,” ಎನ್ನುತ್ತಲೇ ಅವರು ಗುಂಡಿ ಒತ್ತಿ ಯಂತ್ರ ನಿಲ್ಲಿಸಿದರು.

ಅಗೆತದ ಆರ್ಭಟ, ಜನರೇಟರು, ನಾಯಿಗಳು, ಎಲ್ಲವೂ ಒಮ್ಮೆಲೇ ಮೇಲೆ ಬಿದ್ದವು. ಅದರ ನಡುವೆಯೇ, “ಎಷ್ಟೊತ್ತಿಂದ ಒದರಾಕತ್ತೀನಿ! ಕಿವುಡಾಗೀಯೇನ?” ಎಂಬ ಗಂಡನ ಬೈಗುಳ ಕೇಳಿತು. ನೀಲಾಂಬಿಕೆ ಕಂಬಿ ಹಿಡಿದು ಕುಸಿದು ಕುಳಿತು ಗಳಗಳನೆ ಅತ್ತಳು.

ಕಟ್ಟೆಯ ಕಾವಲುಗಾರರು ಹಗ್ಗ ಇಳಿಬಿಟ್ಟು ಅವನನ್ನು ಮೇಲೆತ್ತಿ, ಗಾಜಿನ ಗೂಡಿನೊಳಗೆ ತಂದು ಕೂರಿಸಿದರು. ಕಾಲು ಊದಿತ್ತು. “ಒರತಿ ಎಲ್ಲಿ ಬಂತು? ಹೋಟೆಲ್ನವರ ಮಣ್ಣು ಜರಿದು ದಾರೀನ ಮುಚ್ಚಿ ಹೋಗೈತಿ,” ಎಂದ.

“ಇನ್ನ ಮ್ಯಾಲ ಎಷ್ಟರ ಅಣಕಸ್ರಿ, ಒಂದ್ ಮಾತು ಅನ್ನಂಗಿಲ್ಲ,” ಎಂದಳು ಅವಳು.

ಸಾಲಿನವರು ಆಗಲೇ ಗೊಣಗತೊಡಗಿದ್ದರು. ಕಾವಲುಗಾರರು ಹಗ್ಗ ಸುತ್ತುತ್ತಿದ್ದರು. ಉತ್ತಯ್ಯರ ಕೈ ಮತ್ತೆ ಗುಂಡಿಯತ್ತ ಹೋಯಿತು. ಮತ್ತೇನೋ ಕೇಳಿದಂತಾಗಿ ನೀಲಾಂಬಿಕೆ ಆ ಕೈಯನ್ನು ಗಟ್ಟಿಯಾಗಿ ಹಿಡಿದಳು.

“ಯಾರಾದ್ರೂ ಇದ್ದೀರಾ...”

ಜರಿದ ಮಣ್ಣಿನ ಕಡೆಯಿಂದ ಬಂದ ದನಿ ಅದು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಚನ್ನವೀರಪ್ಪ ಅವಳ ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ಕುಳಿತಿದ್ದ. ಆ ದನಿ ಎಂದಿನಿಂದ ಕೂಗುತ್ತಿತ್ತೋ, ಅದರ ಮೇಲೆ ಎಷ್ಟು ಚಪ್ಪಾಳೆ ಬಿದ್ದಿತ್ತೋ, ಉತ್ತಯ್ಯರಿಗೂ ಗೊತ್ತಿರಲಿಲ್ಲ.

“ಹಗ್ಗ ಸುತ್ತಬ್ಯಾಡ್ರಿ,” ಎಂದಳು ನೀಲಾಂಬಿಕೆ.